ಎರಡು ದೇಶ ಮುನಿಸಿಕೊಂಡರೆ ತೋಟಕ್ಕೇನಾಗುತ್ತೆ? ಚೀನಾ–ಆಸ್ಟ್ರೇಲಿಯಾ ದ್ರಾಕ್ಷಿ ಕಥೆ

"ಅಣ್ಣಾ, ವಾಟ್ಸಾಪ್‌ಗೆ ಒಂದು ಪಿಡಿಎಫ್ ಹಾಕಿದೀನಿ, ಓದಿ ಹೇಳು. ಈ ವಾರದಲ್ಲೇ ಸಹಿ ಹಾಕ್ಬೇಕಂತೆ."

ಹಿರಿಯೂರು ಕಡೆ ಇರುವ ನನ್ನ ಚಿಕ್ಕಪ್ಪನ ಮಗ ಹೋದ ತಿಂಗಳು ಫೋನ್ ಮಾಡಿ ಹೀಗಂದ. ಅವನಿಗೆ ಆರು ಎಕರೆ ಜಮೀನಿದೆ, ಎರಡು ಬೋರ್‌ವೆಲ್ ಇವೆ. ಒಂದು ಕಂಪನಿ ಬಂದು, ಆರಕ್ಕೆ ಆರು ಎಕರೆಯೂ ದಾಳಿಂಬೆ ಹಾಕು, ಐದು ವರ್ಷ ನಾವೇ ತಗೋತೀವಿ, ಮಾರ್ಕೆಟ್‌ಗಿಂತ ಒಂದು ಕೈ ಜಾಸ್ತಿ ರೇಟು ಕೊಡ್ತೀವಿ ಅಂದಿದೆ. ಹಣ್ಣೆಲ್ಲ ಹೊರದೇಶಕ್ಕೆ.

"ಯಾವ ದೇಶಕ್ಕೋ?" ಅಂತ ಕೇಳಿದೆ.

"ಒಂದೇ ದೇಶಕ್ಕಣ್ಣ. ಅಲ್ಲಿ ಎಷ್ಟು ಕಳಿಸಿದ್ರೂ ಸಾಲಲ್ವಂತೆ."

ಅವನಿಗೆ ಅದು ಖುಷಿಯ ವಿಷಯ. ನನಗೆ ಮಾತ್ರ ಆಸ್ಟ್ರೇಲಿಯಾದ ದ್ರಾಕ್ಷಿ ರೈತರು ನೆನಪಾದರು. ಅವರಿಗೂ ಒಂದು ಕಾಲದಲ್ಲಿ ಇದೇ ಮಾತು ಹೇಳಿದ್ದರು: ಚೀನಾಕ್ಕೆ ಎಷ್ಟು ಕಳಿಸಿದರೂ ಸಾಲದು. ಆಮೇಲೆ ಏನಾಯ್ತು ಅನ್ನೋದನ್ನ ತಮ್ಮನಿಗೆ ಫೋನಲ್ಲಿ ಅರ್ಧ ಗಂಟೆ ಹೇಳಿದೆ. ಗಿಡ ನೆಡುವ ಮುಂಚೆ ನೀವೂ ತಿಳ್ಕೊಂಡಿರಲಿ ಅಂತ ಈ ವಾರ ಅದನ್ನೇ ಬರೀತಿದೀನಿ.

ಟಿಕ್‌ಟಾಕ್ ಹೋದದ್ದು ನೆನಪಿದೆಯಾ?

ದೇಶ ದೇಶಗಳ ಜಗಳ ನಮಗ್ಯಾಕೆ ಅನ್ನೋರು ಒಂದು ಸಲ 2020 ನೆನಪು ಮಾಡ್ಕೊಳ್ಳಿ. ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ ನಮ್ಮ ಸೈನಿಕರು ಹುತಾತ್ಮರಾದರು. ಎರಡು ವಾರ ಕಳೆದು, ಜೂನ್ 29ರಂದು ಕೇಂದ್ರ ಸರ್ಕಾರ ಚೀನಾ ಮೂಲದ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ನಡೆಸುತ್ತಿದ್ದ ಕಂಪನಿಗೆ ನಮ್ಮ ದೇಶದಲ್ಲಿದ್ದ ಕೋಟಿಗಟ್ಟಲೆ ಬಳಕೆದಾರರು ಒಂದೇ ಆದೇಶದಲ್ಲಿ ಕೈತಪ್ಪಿದರು. ಗಡಿಯಲ್ಲಿ ನಡೆದದ್ದಕ್ಕೆ ಬೆಲೆ ತೆತ್ತದ್ದು ವ್ಯಾಪಾರ.

ಈಗ ಇದೇ ಲೆಕ್ಕವನ್ನ ತಿರುಗಿಸಿ. ಚೀನಾದಲ್ಲಿ ವ್ಯಾಪಾರ ಮಾಡೋ ಹೊರಗಿನ ಕಂಪನಿಯ ಮೇಲೆ ಚೀನಾ ಸಿಟ್ಟಾದರೆ? ಆ ಕಂಪನಿ ಮಾರೋದು ಆ್ಯಪ್ ಅಲ್ಲ, ರೈತರು ಬೆಳೆದ ಹಣ್ಣು ಅಂದರೆ?

ಪೆನ್‌ಫೋಲ್ಡ್ಸ್ ಅನ್ನೋ ಬಾಟಲಿ

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಟ್ರೆಷರಿ ವೈನ್ ಎಸ್ಟೇಟ್ಸ್ ಅಂತ ಒಂದು ದೊಡ್ಡ ಕಂಪನಿ ಇದೆ. ಇದರ ಹೆಸರುವಾಸಿ ಬ್ರ್ಯಾಂಡ್ ಪೆನ್‌ಫೋಲ್ಡ್ಸ್. 1844ರಲ್ಲಿ ಅಡಿಲೇಡ್ ಪಕ್ಕದ ಒಂದು ತೋಟದಲ್ಲಿ ಶುರುವಾದದ್ದು. ಚೀನಾದ ಹಣವಂತರಿಗೆ ಈ ವೈನ್ ಅಂದರೆ ಅಚ್ಚುಮೆಚ್ಚು. ಹಬ್ಬಕ್ಕೆ ಉಡುಗೊರೆ ಕೊಡೋಕೂ ಇದೇ, ಔತಣದ ಟೇಬಲ್ ಮೇಲೂ ಇದೇ.

2015ರ ಡಿಸೆಂಬರ್‌ನಲ್ಲಿ ಚೀನಾ–ಆಸ್ಟ್ರೇಲಿಯಾ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ವೈನ್ ಮೇಲಿನ ಆಮದು ಸುಂಕ ವರ್ಷ ವರ್ಷ ಇಳಿದು, 2019ರ ಜನವರಿ 1ಕ್ಕೆ ಸೊನ್ನೆಯಾಯಿತು. ಆ ಹೊತ್ತಿಗೆ ಆಸ್ಟ್ರೇಲಿಯಾದ ವೈನ್‌ಗೆ ಚೀನಾನೇ ನಂಬರ್ ಒನ್ ಗಿರಾಕಿ. ವರ್ಷಕ್ಕೆ ನೂರು ಕೋಟಿ ಆಸ್ಟ್ರೇಲಿಯಾ ಡಾಲರ್‌ಗೂ ಹೆಚ್ಚಿನ ವಹಿವಾಟು. ಟ್ರೆಷರಿ ಕಂಪನಿಯ ಲಾಭದಲ್ಲಿ ಸುಮಾರು ಶೇ. 30ರಷ್ಟು ಚೀನಾದಿಂದಲೇ ಬರ್ತಿತ್ತು.

ರೈತರು ಏನು ಮಾಡಿದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾವು ಏನು ಮಾಡ್ತಿದ್ದೆವೋ ಅದನ್ನೇ. ಕೆಂಪು ವೈನ್‌ಗೆ ಬೇಕಾದ ಶಿರಾಜ್, ಕ್ಯಾಬರ್ನೆ ತಳಿಗಳ ಬಳ್ಳಿಗಳನ್ನ ಕಾಳಜಿಯಿಂದ ಬೆಳೆಸಿದರು, ಜಾಗ ಇದ್ದವರು ಇನ್ನಷ್ಟು ಹಾಕಿದರು.

ಏಪ್ರಿಲ್‌ನಲ್ಲಿ ಮಾತು, ನವೆಂಬರ್‌ನಲ್ಲಿ ಸುಂಕ

ಎರಡು ದೇಶಗಳ ನಡುವೆ ಮುನಿಸು ಮೊದಲೇ ಇತ್ತು. 2018ರಲ್ಲಿ ಆಸ್ಟ್ರೇಲಿಯಾ ಚೀನಾದ ಹುವಾವೇ ಕಂಪನಿಯನ್ನ ತನ್ನ 5ಜಿ ನೆಟ್‌ವರ್ಕ್‌ನಿಂದ ಹೊರಗಿಟ್ಟಿತ್ತು. 2020ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ವಿದೇಶಾಂಗ ಸಚಿವೆ ಮರೀಸ್ ಪೇನ್, ಕೊರೊನಾ ಎಲ್ಲಿಂದ ಹೇಗೆ ಬಂತು ಅನ್ನೋದರ ಬಗ್ಗೆ ಸ್ವತಂತ್ರ ತನಿಖೆ ಆಗಬೇಕು ಅಂದರು. ಪ್ರಧಾನಿ ಸ್ಕಾಟ್ ಮಾರಿಸನ್ ಅದಕ್ಕೆ ದನಿಗೂಡಿಸಿದರು. ಚೀನಾ ಕೆಂಡವಾಯಿತು.

ಇಲ್ಲಿಂದ ದಿನಾಂಕಗಳನ್ನ ಗಮನವಿಟ್ಟು ನೋಡಿ, ಪಾಠ ಇರೋದು ಇದರಲ್ಲೇ.

2020ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಬಾರ್ಲಿ ಮೇಲೆ ಚೀನಾ ಒಟ್ಟು ಶೇ. 80.5 ಸುಂಕ ಹಾಕಿತು. ನಾಲ್ಕು ಮಾಂಸ ಸಂಸ್ಕರಣಾ ಘಟಕಗಳಿಂದ ಗೋಮಾಂಸ ತರಿಸೋದನ್ನ ನಿಲ್ಲಿಸಿತು. ಆಗಸ್ಟ್ 18ಕ್ಕೆ ವೈನ್ ಮೇಲೆ ತನಿಖೆ ಶುರು ಮಾಡಿತು. ಅವತ್ತೇ ಟ್ರೆಷರಿ ಕಂಪನಿಯ ಷೇರು ಬೆಲೆ ಕುಸಿಯಿತು. ನವೆಂಬರ್‌ನಲ್ಲಿ ಕ್ಯಾನ್ಬೆರಾದ ಚೀನಾ ರಾಯಭಾರ ಕಚೇರಿ, ಆಸ್ಟ್ರೇಲಿಯಾ ಮೇಲೆ ತನಗಿರುವ 14 ದೂರುಗಳ ಪಟ್ಟಿಯನ್ನ ಅಲ್ಲಿನ ಮಾಧ್ಯಮಕ್ಕೆ ಕೊಟ್ಟಿತು. ಅದೇ ತಿಂಗಳ ಕೊನೆಗೆ ವೈನ್ ಮೇಲೆ ಶೇ. 107.1ರಿಂದ 212.1ರವರೆಗೆ ತಾತ್ಕಾಲಿಕ ಸುಂಕ ಬಿತ್ತು. 2021ರ ಮಾರ್ಚ್‌ನಲ್ಲಿ ಅದು ಐದು ವರ್ಷಕ್ಕೆ ಕಾಯಂ ಆಯ್ತು. ಟ್ರೆಷರಿ ಕಂಪನಿ ಪಾಲಿಗೆ ಬಂದದ್ದು ಶೇ. 175.6.

ಲೆಕ್ಕ ಹಾಕಿ. ನೂರು ರೂಪಾಯಿಗೆ ಬಂದರಿಗೆ ಇಳಿಯುತ್ತಿದ್ದ ಬಾಟಲಿ ಈಗ 275 ರೂಪಾಯಿ 60 ಪೈಸೆ. ಅದರ ಮೇಲೆ ಉಳಿದ ತೆರಿಗೆ, ಅಂಗಡಿಯವನ ಲಾಭ. ಪಕ್ಕದಲ್ಲೇ ಚಿಲಿ ದೇಶದ ವೈನ್ ಸುಂಕವೇ ಇಲ್ಲದೆ ನಿಂತಿದೆ. ಯಾರು ತಗೋತಾರೆ? ಆಸ್ಟ್ರೇಲಿಯಾದಿಂದ ಚೀನಾಕ್ಕೆ ಹೋಗುವ ವೈನ್ ಹೆಚ್ಚುಕಡಿಮೆ ನಿಂತೇ ಹೋಯಿತು.

ಕಾಗದದಲ್ಲಿ ಬೇರೆಯದೇ ಕಾರಣ

ಇದಕ್ಕೆ ಚೀನಾ ಕೊಟ್ಟ ಕಾರಣ ಕೊರೊನಾ ಮಾತು ಅಲ್ಲ. ಕಾಗದದಲ್ಲಿ ಇದ್ದದ್ದು 'ಡಂಪಿಂಗ್' ಮತ್ತು ಸಬ್ಸಿಡಿ. ಡಂಪಿಂಗ್ ಅಂದರೆ, ತಮ್ಮ ದೇಶದಲ್ಲಿ ಮಾರೋ ಬೆಲೆಗಿಂತ ಕಮ್ಮಿಗೆ ಹೊರದೇಶದಲ್ಲಿ ಮಾಲು ಸುರಿಯೋದು. ಇದರಿಂದ ನಮ್ಮ ವೈನ್ ತಯಾರಕರಿಗೆ ನಷ್ಟ ಅಂತ ಚೀನಾ ವಾದಿಸಿತು. ಆಸ್ಟ್ರೇಲಿಯಾ ಒಪ್ಪಲಿಲ್ಲ, ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು.

ಹಣ್ಣಿನ ವಿಷಯಕ್ಕೆ ಬಂದರೆ ಕಾಗದದಲ್ಲಿ ಇರುವ ಕಾರಣ ಸಾಮಾನ್ಯವಾಗಿ ಕೀಟ. 2021ರ ಮಾರ್ಚ್ 1ರಿಂದ ಚೀನಾ ತೈವಾನ್‌ನ ಅನಾನಸ್ ತರಿಸೋದನ್ನ ನಿಲ್ಲಿಸಿತು. ಹಿಟ್ಟು ತಿಗಣೆ ಸಿಕ್ಕಿದೆ ಅನ್ನೋದು ಕಾರಣ. ಅನಾನಸ್ ಕೊಯ್ಲು ಶುರುವಾಗೋ ಹೊತ್ತಿಗೇ ಈ ಆದೇಶ ಬಂತು, ತೈವಾನ್ ರಫ್ತು ಮಾಡುವ ಅನಾನಸ್‌ನಲ್ಲಿ ಶೇ. 90ಕ್ಕೂ ಹೆಚ್ಚು ಹೋಗ್ತಿದ್ದದ್ದು ಚೀನಾಕ್ಕೆ. 2012ರಲ್ಲಿ ದಕ್ಷಿಣ ಚೀನಾ ಸಮುದ್ರದ ಸ್ಕಾರ್‌ಬರೋ ದಿಬ್ಬದ ವಿಚಾರಕ್ಕೆ ಫಿಲಿಪ್ಪೀನ್ಸ್ ಜೊತೆ ತಕರಾರು ಎದ್ದಾಗಲೂ ಇದೇ ಕಥೆ. ಫಿಲಿಪ್ಪೀನ್ಸ್ ಬಾಳೆಹಣ್ಣಿಗೆ ಕೀಟ ತಪಾಸಣೆ ಬಿಗಿಯಾಯಿತು, ಕಂಟೇನರ್‌ಗಳು ಚೀನಾದ ಬಂದರಿನಲ್ಲಿ ನಿಂತಲ್ಲೇ ಕೊಳೆತವು.

ನಮ್ಮಂಥ ತೋಟಗಾರರಿಗೆ ಕಷ್ಟ ಇರೋದು ಇಲ್ಲೇ. ತೋಟದಲ್ಲಿ ಹಿಟ್ಟು ತಿಗಣೆ ಬಂದರೆ ನನಗೆ ಮದ್ದು ಗೊತ್ತು: ಬೇವಿನೆಣ್ಣೆ, ಸೋಪಿನ ನೀರು, ಇರುವೆ ಹತ್ತದ ಹಾಗೆ ಕಾಂಡಕ್ಕೆ ಪಟ್ಟಿ, ಕ್ರಿಪ್ಟೋಲೀಮಸ್ ಗುಲಗಂಜಿ ಹುಳ. ಆದರೆ ಎರಡು ರಾಜಧಾನಿಗಳ ನಡುವೆ ಹುಟ್ಟಿದ ಹಿಟ್ಟು ತಿಗಣೆಗೆ ಯಾವ ಸ್ಪ್ರೇಯೂ ಇಲ್ಲ.

ಕಂಪನಿ ಏನು ಮಾಡಿತು?

ಟ್ರೆಷರಿ ಕೈಕಟ್ಟಿ ಕೂರಲಿಲ್ಲ. ಚೀನಾಕ್ಕೆ ಅಂತ ಇಟ್ಟಿದ್ದ ಪೆನ್‌ಫೋಲ್ಡ್ಸ್ ಬಾಟಲಿಗಳನ್ನ ಏಷ್ಯಾದ ಬೇರೆ ದೇಶಗಳು, ಅಮೆರಿಕ, ಯುರೋಪ್ ಮತ್ತು ಸ್ವಂತ ದೇಶದ ಮಾರುಕಟ್ಟೆಗೆ ತಿರುಗಿಸಿತು. ದುಬಾರಿ ವೈನ್ ಇಟ್ಟಷ್ಟೂ ಬೆಲೆ ಏರುತ್ತೆ, ಹಾಗಾಗಿ ಕಾಯೋಕೆ ಅದಕ್ಕೆ ಸಮಯ ಇತ್ತು, ಬಂಡವಾಳವೂ ಇತ್ತು.

ಎರಡನೇ ಉಪಾಯ ಇನ್ನೂ ಜಾಣತನದ್ದು. ಸುಂಕ ಬಿದ್ದದ್ದು ಆಸ್ಟ್ರೇಲಿಯಾದ ವೈನ್ ಮೇಲೆ ತಾನೆ, ಪೆನ್‌ಫೋಲ್ಡ್ಸ್ ಅನ್ನೋ ಹೆಸರಿನ ಮೇಲಲ್ಲವಲ್ಲ? ಅದೇ ಹೆಸರಲ್ಲಿ ಕ್ಯಾಲಿಫೋರ್ನಿಯಾದ ದ್ರಾಕ್ಷಿಯಿಂದ ಮಾಡಿದ ವೈನ್ ಬಂತು, ಫ್ರಾನ್ಸ್‌ನದ್ದೂ ಬಂತು. ಕೊನೆಗೆ ಚೀನಾದ ನಿಂಗ್‌ಶಿಯಾ ಸೀಮೆಯ ದ್ರಾಕ್ಷಿಯಿಂದಲೇ ವೈನ್ ಮಾಡಿ ಚೀನಾದಲ್ಲೇ ಮಾರೋಕೆ ಶುರುವಾಯಿತು. ಕಂಪನಿಗೆ ನಷ್ಟ ಆಗಲಿಲ್ಲ ಅಂತಲ್ಲ, ಆಯ್ತು. ಆದರೆ ಮುಳುಗಲಿಲ್ಲ.

ಈಗ ಯೋಚನೆ ಮಾಡಿ. ಕಂಪನಿ ಬೇರೆ ದೇಶದ ದ್ರಾಕ್ಷಿ ಹುಡುಕಿಕೊಂಡು ಹೋಯಿತು. ಆಸ್ಟ್ರೇಲಿಯಾದ ರೈತನ ಬಳ್ಳಿ ಎಲ್ಲಿಗೆ ಹೋಗಬೇಕು?

ಬಳ್ಳಿಗೆ ಬೀಜಿಂಗ್ ಗೊತ್ತಿಲ್ಲ

ಸುಂಕ ಬಿದ್ದದ್ದು ನವೆಂಬರ್‌ನಲ್ಲಿ. ಆಸ್ಟ್ರೇಲಿಯಾದಲ್ಲಿ ದ್ರಾಕ್ಷಿ ಕೊಯ್ಲು ಅಲ್ಲಿಂದ ಮೂರು ತಿಂಗಳಿಗೆ, ಫೆಬ್ರವರಿ ಹೊತ್ತಿಗೆ ಶುರು. ಗೊನೆ ಆಗಲೇ ಕಟ್ಟಿತ್ತು. 2021ರಲ್ಲಿ ಅಲ್ಲಿ ವೈನ್ ದ್ರಾಕ್ಷಿ ಫಸಲು 20 ಲಕ್ಷ ಟನ್ ದಾಟಿತು, ಆವರೆಗಿನ ದಾಖಲೆ ಅದು. ಅತಿ ದೊಡ್ಡ ಗಿರಾಕಿ ಎದ್ದು ಹೋದ ಮೊದಲ ವರ್ಷವೇ ಬಂಪರ್ ಬೆಳೆ! ಇಂಥ ಸಂಕಟ ಟೊಮೆಟೊ ಬೆಳೆದವರಿಗೆ ಹೊಸದಲ್ಲ.

2023ರ ಮಧ್ಯದ ಹೊತ್ತಿಗೆ ಆಸ್ಟ್ರೇಲಿಯಾದ ಟ್ಯಾಂಕ್‌ಗಳಲ್ಲಿ 200 ಕೋಟಿ ಲೀಟರ್‌ಗೂ ಹೆಚ್ಚು ವೈನ್ ಬಿದ್ದಿತ್ತು. ಒಳನಾಡಿನ ಬಿಸಿ ಪ್ರದೇಶಗಳಲ್ಲಿ 2020ರಲ್ಲಿ ಟನ್ನಿಗೆ ಸರಾಸರಿ ಸುಮಾರು 660 ಆಸ್ಟ್ರೇಲಿಯಾ ಡಾಲರ್ ಇದ್ದ ಕೆಂಪು ವೈನ್ ದ್ರಾಕ್ಷಿ, 2023ಕ್ಕೆ ಸುಮಾರು 300 ಡಾಲರ್‌ಗೆ ಇಳಿಯಿತು. ನಮ್ಮ ಲೆಕ್ಕದಲ್ಲಿ ಕಿಲೋಗೆ 30 ರೂಪಾಯಿ ಮೇಲಿದ್ದದ್ದು 16–17 ರೂಪಾಯಿ. ಗ್ರಿಫಿತ್ ಸುತ್ತಮುತ್ತ ತಲೆಮಾರುಗಳಿಂದ ದ್ರಾಕ್ಷಿ ಬೆಳೆದ ಕುಟುಂಬಗಳು ಬಳ್ಳಿ ಕಿತ್ತು ರಾಶಿ ಹಾಕಿದವು. ಎಲ್ಲ ತಪ್ಪೂ ಚೀನಾದ ಸುಂಕದ್ದೇ ಅಂತ ಹೇಳೋಕಾಗಲ್ಲ. ಜಗತ್ತಿನಲ್ಲೇ ಕೆಂಪು ವೈನ್ ಕುಡಿಯೋರು ಕಮ್ಮಿಯಾಗ್ತಿದ್ದಾರೆ. ಆದರೆ ಇಳಿಜಾರಲ್ಲಿ ನಿಂತವನನ್ನ ಹಿಂದಿನಿಂದ ನೂಕಿದ್ದು ಆ ಸುಂಕ.

ಬಾರ್ಲಿ ರೈತರ ಕಥೆ ಪಕ್ಕದಲ್ಲಿಟ್ಟು ನೋಡಿ. ಅವರ ಬಾರ್ಲಿಯಲ್ಲೂ ಸಿಂಹಪಾಲು ಹೋಗ್ತಿದ್ದದ್ದು ಚೀನಾಕ್ಕೇ. ಸುಂಕ ಬಿದ್ದಾಗ ಅವರಿಗೂ ಬೆಲೆ ಬಿತ್ತು. ಆದರೆ ಬಾರ್ಲಿ ಚೀಲದಲ್ಲಿ ಕಾಯುತ್ತೆ. ಸೌದಿ ಅರೇಬಿಯಾ ಪಶು ಆಹಾರಕ್ಕೆ ಅಂತ ತಗೊಂಡಿತು, ಮೆಕ್ಸಿಕೋದಂಥ ಹೊಸ ಗಿರಾಕಿಯೂ ಸಿಕ್ಕಿತು. ಮುಂದಿನ ಬಿತ್ತನೆಗೆ ಕೆಲವರು ಗೋಧಿ, ಕೆನೋಲಾ ಕಡೆ ಹೊರಳಿದರು. ಒಂದು ಹಂಗಾಮಿನ ಬೆಳೆಗೆ ಒಂದು ಹಂಗಾಮಿನ ಪೆಟ್ಟು.

ನನಗೇ ಇದರ ರುಚಿ ಗೊತ್ತು. 2020ರ ಮಾರ್ಚ್‌ನಲ್ಲಿ ಬೆಂಗಳೂರಿನ ಹೋಟೆಲ್‌ಗಳಿಗೆ ಕೊಡುವ ಒಬ್ಬನೇ ಸಪ್ಲೈಯರ್‌ನ ನಂಬಿ ಒಂದು ಎಕರೆ ಲೆಟ್ಯೂಸ್, ಝುಕಿನಿ ಹಾಕಿದ್ದೆ. ಲಾಕ್‌ಡೌನ್ ಬಂತು, ಹೋಟೆಲ್ ಮುಚ್ಚಿತು. ಅವನ ತಪ್ಪಲ್ಲ, ನನ್ನ ತಪ್ಪೂ ಅಲ್ಲ. ನಮ್ಮ ಹಳ್ಳಿಯಲ್ಲಿ ಝುಕಿನಿ ತಿನ್ನೋರು ಯಾರು? ಹಸುಗೆ ಹಾಕಿದೆ, ಉಳಿದದ್ದನ್ನ ರೋಟವೇಟರ್ ಹೊಡೆದು ಮಣ್ಣಿಗೆ ಸೇರಿಸಿದೆ. ಮುಂದಿನ ತಿಂಗಳು ಅದೇ ಸಾಲಲ್ಲಿ ಹುರುಳಿಕಾಯಿ ಬಿತ್ತಿದೆ. ಅದೇ ಜಾಗದಲ್ಲಿ ಏಳು ವರ್ಷದ ಗಿಡ ಇದ್ದಿದ್ದರೆ ರೋಟವೇಟರ್ ಹೊಡೆಯೋ ಧೈರ್ಯ ನನಗೆ ಬರ್ತಿರಲಿಲ್ಲ.

ಬಾಗಿಲು ತೆರೆಯಿತು, ಆದರೆ...

2022ರ ಮೇನಲ್ಲಿ ಆಸ್ಟ್ರೇಲಿಯಾದಲ್ಲಿ ಸರ್ಕಾರ ಬದಲಾಯಿತು. ಹೊಸ ಪ್ರಧಾನಿ ಆಂಥನಿ ಆಲ್ಬನೀಸ್, ವಿದೇಶಾಂಗ ಸಚಿವೆ ಪೆನ್ನಿ ವಾಂಗ್ ಮಾತಿನ ಧಾಟಿ ಬದಲಿಸಿದರು. ಆ ವರ್ಷದ ನವೆಂಬರ್‌ನಲ್ಲಿ ಬಾಲಿಯ ಜಿ-20 ಸಭೆಯ ಹೊತ್ತಿಗೆ ಆಲ್ಬನೀಸ್, ಷಿ ಜಿನ್‌ಪಿಂಗ್ ಭೇಟಿಯಾದರು. 2023ರ ಆಗಸ್ಟ್‌ನಲ್ಲಿ ಬಾರ್ಲಿ ಸುಂಕ ಹೋಯಿತು. ನವೆಂಬರ್‌ನಲ್ಲಿ ಆಲ್ಬನೀಸ್ ಬೀಜಿಂಗ್‌ಗೆ ಹೋಗಿ ಬಂದರು. 2024ರ ಮಾರ್ಚ್ 29ಕ್ಕೆ ವೈನ್ ಸುಂಕವೂ ರದ್ದಾಯಿತು. ಬಾರ್ಲಿ, ವೈನ್ ಎರಡರಲ್ಲೂ ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪು ಹೊರಬೀಳುವ ಮುಂಚೆಯೇ ರಾಜಿ ಆಗಿತ್ತು.

ಅಂದರೆ ಮೂರು ವರ್ಷ ನಾಲ್ಕು ತಿಂಗಳು. ಆ ಮಧ್ಯೆ ಚೀನಾದ ಅಂಗಡಿಗಳಲ್ಲಿ ಚಿಲಿ, ಫ್ರಾನ್ಸ್ ವೈನ್ ಜಾಗ ಹಿಡಿದಿತ್ತು. ಚೀನಾದಲ್ಲೇ ವೈನ್ ಕುಡಿಯೋದು ಇಳಿಮುಖವಾಗಿತ್ತು. ದುಬಾರಿ ಬಾಟಲಿಗಳು ಬೇಗ ವಾಪಸ್ ಹೋದವು, ಆದರೆ ಒಳನಾಡಿನ ಸಾದಾ ಕೆಂಪು ದ್ರಾಕ್ಷಿಗೆ ಹಳೇ ಕಾಲ ಬರಲಿಲ್ಲ. ಕಿತ್ತ ಬಳ್ಳಿ ಮತ್ತೆ ಚಿಗುರಲೂ ಇಲ್ಲ.

ನಮ್ಮ ಡ್ರಿಪ್ ಪೈಪಿನೊಳಗೂ ಇದೇ ರಾಜಕೀಯ

ನಾನು ಸಾವಯವ ಮಾಡೋನು, ಜೀವಾಮೃತ, ಎರೆಗೊಬ್ಬರದಲ್ಲಿ ಬದುಕ್ತೀನಿ. ಆದರೆ ಸುತ್ತಲಿನ ದ್ರಾಕ್ಷಿ, ದಾಳಿಂಬೆ ರೈತರು ಡ್ರಿಪ್‌ನಲ್ಲಿ ನೀರಿನಲ್ಲಿ ಕರಗುವ ಗೊಬ್ಬರ ಬಿಡ್ತಾರೆ. ಇಂಥ ವಿಶೇಷ ಗೊಬ್ಬರಗಳಿಗೆ ನಮ್ಮ ದೇಶ ಬಹುಪಾಲು ಚೀನಾವನ್ನೇ ನಂಬಿದೆ. 2025ರ ಮಧ್ಯದಲ್ಲಿ ಅಲ್ಲಿಂದ ಮಾಲು ಬರೋದು ಅಡ್ಡಿಯಾಯಿತು. ಆಗಸ್ಟ್‌ನಲ್ಲಿ ಚೀನಾ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದಾಗ ಗೊಬ್ಬರವೂ ಮಾತುಕತೆಯಲ್ಲಿತ್ತು. ಸಚಿವರ ಮಟ್ಟದ ಮಾತು ನಿಮ್ಮೂರ ಗೊಬ್ಬರದಂಗಡಿಯ ಚೀಲದವರೆಗೆ ಬರುತ್ತೆ. ಮಾರೋದರಲ್ಲಿ ಒಬ್ಬನನ್ನೇ ನೆಚ್ಚೋದು ಎಷ್ಟು ಅಪಾಯವೋ, ಕೊಳ್ಳೋದರಲ್ಲೂ ಅಷ್ಟೇ.

ಸಹಿ ಹಾಕೋ ಮುಂಚೆ ಐದು ಪ್ರಶ್ನೆ

ರಫ್ತು ಬೇಡ ಅಂತ ನಾನು ಹೇಳ್ತಿಲ್ಲ. ಒಳ್ಳೇ ಹಣ್ಣಿಗೆ ಒಳ್ಳೇ ರೇಟು ಸಿಗೋದಾದರೆ ಯಾಕೆ ಬಿಡಬೇಕು? ಆದರೆ ತಮ್ಮನಿಗೆ ಈ ಐದು ಪ್ರಶ್ನೆ ಕೇಳು ಅಂದೆ.

1. ಕಂಪನಿ ಎಷ್ಟು ದೇಶಕ್ಕೆ ಕಳಿಸುತ್ತೆ? ಒಂದೇ ದೇಶ ಅಂದರೆ, ನೀವು ಒಪ್ಪಂದ ಮಾಡ್ಕೊಳ್ತಿರೋದು ಕಂಪನಿ ಜೊತೆ ಮಾತ್ರ ಅಲ್ಲ, ಎರಡು ಸರ್ಕಾರಗಳ ಸ್ನೇಹದ ಜೊತೆಗೂ.

2. ಗಡಿ ಮುಚ್ಚಿದರೆ ಹಣ್ಣು ಯಾರದ್ದು? ಒಪ್ಪಂದದ ಕೊನೆ ಪುಟಗಳಲ್ಲಿ 'ಫೋರ್ಸ್ ಮೆಜೂರ್' ಅನ್ನೋ ಕಲಮು ಹುಡುಕಿ. ಯುದ್ಧ, ಪ್ರವಾಹದ ಜೊತೆ 'ಸರ್ಕಾರದ ಆದೇಶ' ಅಂತ ಸೇರಿಸಿದ್ದರೆ, ಆಮದು ನಿಂತ ದಿನ ಕಂಪನಿ ಕೈತೊಳೆದುಕೊಳ್ಳಬಹುದು. ಆಗ ಕನಿಷ್ಠ ಬೆಲೆಗಾದರೂ ಕೊಳ್ಳಬೇಕು, ಇಲ್ಲವೇ ಬೇರೆಯವರಿಗೆ ಮಾರೋಕೆ ತಕ್ಷಣ ಬಿಡಬೇಕು ಅಂತ ಬರೆಸಿ. ಇಂಗ್ಲಿಷ್ ಅರ್ಥವಾಗದಿದ್ದರೆ ವಕೀಲರ ಹತ್ತಿರ ಓದಿಸಿ.

3. ಅದೇ ಹಣ್ಣನ್ನ ಇಲ್ಲಿ ಯಾರು ತಿಂತಾರೆ? ಭಗ್ವ ದಾಳಿಂಬೆಗೆ ನಮ್ಮ ಮಾರುಕಟ್ಟೆಯಲ್ಲೇ ಗಿರಾಕಿ ಇದ್ದಾನೆ. ವೈನ್ ದ್ರಾಕ್ಷಿಯನ್ನ, ನನ್ನ ಝುಕಿನಿಯನ್ನ ಸಂತೆಯಲ್ಲಿ ಮಾರೋಕಾಗಲ್ಲ. ಎರಡು ಬಾಗಿಲಿರುವ ತಳಿಯನ್ನೇ ಆರಿಸಿ.

4. ಎಷ್ಟು ಎಕರೆ ಕಳೆದುಕೊಂಡರೂ ಮನೆ ನಡೆಯುತ್ತೆ? ಅಷ್ಟಕ್ಕೆ ಮಾತ್ರ ಬಹುವಾರ್ಷಿಕ ಬೆಳೆ ಹಾಕಿ. ಉಳಿದದ್ದರಲ್ಲಿ ಹಂಗಾಮಿನ ಬೆಳೆ, ಹಸು, ತರಕಾರಿ. ಬಾರ್ಲಿ ರೈತ ಹೊರಳಿದ ಹಾಗೆ ಹೊರಳೋಕೆ ಸ್ವಲ್ಪ ನೆಲ ಖಾಲಿ ಇರಲಿ.

5. ದಾಖಲೆ ಯಾರ ಹೆಸರಲ್ಲಿದೆ? ಅಪೆಡಾದ ಹಾರ್ಟಿನೆಟ್‌ನಲ್ಲಿ ತೋಟದ ನೋಂದಣಿ, ಸ್ಪ್ರೇ ಡೈರಿ, ರಾಸಾಯನಿಕ ಉಳಿಕೆ ಪರೀಕ್ಷೆಯ ವರದಿ ಇವೆಲ್ಲದರ ಪ್ರತಿ ನಿಮ್ಮ ಫೋನಲ್ಲೂ ಇರಲಿ. ಮುಚ್ಚಿದ ಗಡಿಯನ್ನ ಇವು ತೆರೆಸೋದಿಲ್ಲ. ಆದರೆ ನಾಳೆಯೇ ಬೇರೆ ರಫ್ತುದಾರನ ಬಾಗಿಲು ತಟ್ಟೋಕೆ ನಿಮ್ಮ ಕೈಯಲ್ಲಿ ಏನಾದರೂ ಇರುತ್ತೆ.

ಇನ್ನೊಂದು ಮಾತು. ಆಸ್ಟ್ರೇಲಿಯಾದಲ್ಲಿ ಏಪ್ರಿಲ್‌ನ ಹೇಳಿಕೆಗೂ ನವೆಂಬರ್‌ನ ವೈನ್ ಸುಂಕಕ್ಕೂ ಏಳು ತಿಂಗಳ ಅಂತರ ಇತ್ತು. ಮೊದಲ ಪೆಟ್ಟು ಬಾರ್ಲಿಗೆ ಬಿದ್ದಾಗಲೇ ದ್ರಾಕ್ಷಿಯವರಿಗೆ ಎಚ್ಚರಿಕೆ ಸಿಕ್ಕಿತ್ತು. ನಿಮ್ಮ ಹಣ್ಣು ಹೋಗುವ ದೇಶದ ಹೆಸರು ಸುದ್ದಿಯಲ್ಲಿ ಬಂದರೆ ಬೆರಳಲ್ಲಿ ಸರಿಸಬೇಡಿ, ಓದಿ. ರಾಯಭಾರಿಯನ್ನ ಕರೆಸಿ ಆಕ್ಷೇಪ ಹೇಳಿದರು, ವೀಸಾ ನಿಂತಿತು, ಬೇರೆ ಯಾವುದೋ ಮಾಲಿಗೆ ತಪಾಸಣೆ ಬಿಗಿಯಾಯಿತು ಅಂತ ಕಂಡರೆ, ಅವತ್ತೇ ಎರಡನೇ ಗಿರಾಕಿಗೆ ಫೋನ್ ಮಾಡಿ.

ತಮ್ಮ ಕಂಪನಿಯವರಿಗೆ ಆ ಎರಡನೇ ಪ್ರಶ್ನೆ ಕೇಳಿದನಂತೆ. "ಅಂಥದ್ದೇನೂ ಆಗಲ್ಲ ಬಿಡಿ" ಅಂದರಂತೆ. ಆಗಲ್ಲ ಅನ್ನೋದಾದರೆ ಅದನ್ನೇ ಬರೆದುಕೊಡಿ ಅಂತ ಇವನು ಹಟ ಹಿಡಿದ. ಹದಿನೈದು ದಿನ ಎಳೆದಾಡಿ, ಆಮದು ನಿಂತರೆ ವಾರದೊಳಗೆ ಹೊರಗೆ ಮಾರಬಹುದು ಅಂತ ಒಂದು ಸಾಲು ಸೇರಿಸಿದರು. ಕನಿಷ್ಠ ಬೆಲೆಗೆ ಒಪ್ಪಲಿಲ್ಲ. ಹಾಗಾಗಿ ಅವನೂ ಆರು ಎಕರೆಗೆ ಒಪ್ಪಲಿಲ್ಲ, ಎರಡೂವರೆ ಎಕರೆಗೆ ಗುಂಡಿ ತೆಗೆಸಿದ್ದಾನೆ. ಉಳಿದದ್ದರಲ್ಲಿ ಈ ಸಲವೂ ಈರುಳ್ಳಿ, ಶೇಂಗಾ.

"ಲಾಭ ಕಮ್ಮಿ ಆಗುತ್ತಲ್ಲಣ್ಣ" ಅಂತ ಈಗಲೂ ಗೊಣಗ್ತಾನೆ. ಕಮ್ಮಿಯಾಗಬಹುದು ಕಣೋ, ಅಂದೆ. ಕಂಪನಿಯ ಲಾರಿ ಯಾವ ಊರಿಗೆ ಬೇಕಾದರೂ ತಿರುಗುತ್ತೆ. ನಿನ್ನ ಗಿಡ ಅಲ್ಲೇ ನಿಂತಿರುತ್ತೆ, ನೀನೂ ಅಲ್ಲೇ ಇರ್ತೀಯ.

ನಿಮ್ಮ ಹತ್ತಿರ ಇಂಥ ಒಪ್ಪಂದದ ಕಾಗದ ಬಂದಿದ್ದರೆ, ಇವತ್ತು ರಾತ್ರಿ ಊಟ ಆದಮೇಲೆ ಕೊನೆಯ ಎರಡು ಪುಟ ಓದಿ. ಮುಂದಿನ ವಾರ ಮತ್ತೆ ತೋಟಕ್ಕೇ ಬರೋಣ: ದಾಳಿಂಬೆ ಗುಂಡಿಗೆ ಏನೇನು ತುಂಬಬೇಕು, ದುಂಡಾಣು ಅಂಗಮಾರಿಯನ್ನ ಮೊದಲ ವರ್ಷದಿಂದಲೇ ಹೇಗೆ ದೂರ ಇಡಬೇಕು ಅಂತ ನೋಡೋಣ.